ಎತ್ತಿಟ್ಟ ಮುಚ್ಚಳ

ಮಾತ್ರೆ ನುಂಗಿದ ಮೇಲೆ ಲ್ಯಾಡಿಸ್ ವ್ರಾನಾ ತನ್ನ ಎರಡೂ ಅಂಗೈಗಳ ಹಿಂಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡ. ಇದು ಹತ್ತು ವರ್ಷದ ಅಭ್ಯಾಸ. ಎದೆಯೊಳಗೆ ಲೋಹದ ಕವಾಟ ಕೂರಿಸಿದ ಮೇಲೆ ರಕ್ತ ತೆಳ್ಳಗಿರಬೇಕೆಂದು ಡಾಕ್ಟರು ಬರೆದುಕೊಟ್ಟ ನೀಲಿ ಮಾತ್ರೆ, ದಿನಕ್ಕೊಂದು. ಅಂದಿನಿಂದ ಬಾಗಿಲ ಚಿಲಕ ತಗುಲಿದರೂ ಸಾಕು, ಕರು ಮೂತಿಯಿಂದ ತಿವಿದರೂ ಸಾಕು, ಚರ್ಮದ ಕೆಳಗೆ ಮಸಿ ಚೆಲ್ಲಿದ ಹಾಗೆ ಕಲೆ ಏಳುತ್ತಿತ್ತು. ಮೊದಮೊದಲು ಹೆದರಿಕೆಯಿಂದ ನೋಡುತ್ತಿದ್ದ. ಆಮೇಲೆ ಲೆಕ್ಕಕ್ಕೆ ನೋಡುತ್ತಿದ್ದ. ಈಗ ಎರಡು ವಾರದಿಂದ ಯಾಕೆ ನೋಡುತ್ತಿದ್ದೇನೆಂದು ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿ ತಾನು ಇಟ್ಟುಬಂದ ಡಬ್ಬದಲ್ಲಿದ್ದದ್ದೂ ಇದೇ ಔಷಧಿ. ಹೆಸರೂ ಅದೇ. ಅವನಿಗೆ ನಾಲ್ಕು ಮಿಲಿಗ್ರಾಂ, ಕಾಡುಹಂದಿಗೆ ಹೊಟ್ಟೆ ತುಂಬ. ಅವನು ಬದುಕಲೆಂದು, ಅದು ಸಾಯಲೆಂದು. ಮೂವತ್ತೊಂದು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಬಾರದಿತ್ತು.

"ಭವಿಷ್ಯ ನೋಡೋರು ಅಂಗೈ ನೋಡ್ಕೋತಾರೆ ಲಾದಾ. ನೀನು ಹಿಂದುಗಡೆ ಹುಡುಕ್ತಿದೀಯ," ಎಂದಳು ಹೆಂಡತಿ ಅಡೆಲಾ. ಗಸಗಸೆ ತುಂಬಿದ ಕೊಲಾಚಿ ಬನ್ನುಗಳನ್ನು ತಟ್ಟೆಯಲ್ಲಿ ಜೋಡಿಸಿ ಬಟ್ಟೆ ಮುಚ್ಚುತ್ತಿದ್ದಳು.

"ಇವತ್ತು ನಾನು ಹೋಗದೇ ಇದ್ರೆ?"

"ಯಾಕೆ, ಮೈ ಹುಷಾರಿಲ್ವಾ?"

"ಹಾಗೇನಿಲ್ಲ."

"ಹಾಗಿದ್ರೆ ಏಳು. ನೀನು ನೋಡಿ 'ಸರಿ' ಅನ್ನದೆ ಅವರು ಹಂದಿ ಲಿವರ್ ಮುಟ್ಟಲ್ಲ. ಇಪ್ಪತ್ತಾರು ವರ್ಷದಲ್ಲಿ ಪಾದ್ರಿಗಳು ಎಷ್ಟು ಸಲ ಪೂಜೆ ತಪ್ಪಿಸಿದಾರೆ. ನೀನು ಇದನ್ನ ಒಂದ್ಸಲಾನೂ ತಪ್ಪಿಸಿಲ್ಲ."

ಅದು ನಿಜ. ಚಳಿಗಾಲದುದ್ದಕ್ಕೂ ಎರಡು ವಾರಕ್ಕೊಂದು ಶನಿವಾರ ಎಂಟು ಮನೆಯವರು ಸೇರಿ ಒಂದು ಹಂದಿ ಕೊಯ್ಯುತ್ತಿದ್ದರು. ಅಜ್ಜಂದಿರ ಕಾಲದಲ್ಲಿ, ಮಂಜುಗಡ್ಡೆಯೂ ಇಲ್ಲದಿದ್ದಾಗ, ಒಂದು ಮನೆಗೆ ಇಡೀ ಪ್ರಾಣಿಯ ಮಾಂಸ ಕೆಡುವ ಮುನ್ನ ತಿಂದು ಮುಗಿಸಲಾಗುತ್ತಿರಲಿಲ್ಲವೆಂದು ಹುಟ್ಟಿದ ಏರ್ಪಾಡು. ಈಗ ಪ್ರತಿ ಮನೆಯಲ್ಲೂ ಎರಡೆರಡು ಫ್ರೀಜರುಗಳಿದ್ದರೂ ಕೂಟ ನಿಂತಿರಲಿಲ್ಲ. ಕೊಯ್ಯುವ ಶೆಡ್ಡಿನ ಗೋಡೆಯ ಮೇಲೆ ಒಂದು ಪಟ್ಟಿ: ಎಂಟು ಹೆಸರು, ಎಂಟು ಭಾಗ. ಪ್ರತಿ ಸಲಕ್ಕೂ ಭಾಗಗಳು ಒಂದೊಂದು ಮನೆ ಕೆಳಗಿಳಿಯುತ್ತವೆ. ಇವತ್ತು ಕತ್ತಿನ ಮೂಳೆ ಬಂದವನಿಗೆ ಎಂದೋ ಒಂದು ದಿನ ಬೆನ್ನಿನ ಮಾಂಸ ಬಂದೇ ಬರುತ್ತದೆ. ಕೇಳಿ ತೆಗೆದುಕೊಳ್ಳುವಂತಿಲ್ಲ, ಒಲ್ಲೆ ಎನ್ನುವಂತಿಲ್ಲ. ಪಟ್ಟಿ ಬರೆದದ್ದು ಲ್ಯಾಡಿಸ್‌ನ ಕೈ. ಅಕ್ಷರಗಳು ದುಂಡಗಿದ್ದವು.

ಕೂಟ ಸೇರುವ, ನೆರೆಯ ಎರ್ವಿನ್ ಕುಬೇನಾನ ಶೆಡ್ಡಿಗೆ ಅರ್ಧ ಮೈಲಿ. ಅಡೆಲಾ ಪಿಕಪ್ ಓಡಿಸಿದಳು. ಅವನು ಕೊಲಾಚಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ತನ್ನ ಹುಲ್ಲುಗಾವಲು ಹಾದುಹೋಗುವುದನ್ನು ನೋಡದಿರಲು ಯತ್ನಿಸಿದ, ನೋಡಿದ. ನೇಗಿಲಿಗೆ ಹುಚ್ಚು ಹಿಡಿದು ಉತ್ತ ಹಾಗಿತ್ತು. ಅಕ್ಟೋಬರಿನಲ್ಲಿ ಮೂರು ದಿನಕ್ಕೆ ಕಾಡುಹಂದಿಗಳು ಹನ್ನೆರಡು ಎಕರೆಯನ್ನು ಮೂತಿಯಿಂದ ಮಗುಚಿ ಹಾಕಿದ್ದವು. ನಷ್ಟವನ್ನು ಅವನು ತಡೆದುಕೊಂಡಿದ್ದ. ತಡೆಯಲಾಗದೇ ಹೋದದ್ದು ಗೇಟಿನ ಮೇಲೆ ಗದ್ದವೂರಿ ನಿಂತಿದ್ದ ಎರ್ವಿನ್‌ನ ನಗು. "ಮೇಷ್ಟ್ರೆ, ಹಾಲ್‌ನಲ್ಲಿ ವೋಟಾಗಿದ್ದನ್ನ ಹಂದಿಗಳಿಗೆ ಹೇಳಿದ್ರಾ? ನಲವತ್ತೊಂದು ಆರು ಅಂತ ಒಂದು ಬೋರ್ಡಾದ್ರೂ ಹಾಕ್ಬೇಕಿತ್ತು. ಪಾಪ, ಅವಕ್ಕೂ ಓದು ಬರಲ್ಲ ಅನ್ಸುತ್ತೆ." ಕಾಲು ಶತಮಾನದ ಹಿಂದೆಯೇ ಜೀವಶಾಸ್ತ್ರದಲ್ಲಿ ಎರಡು ಸಲ ಫೇಲ್ ಮಾಡಿಸಿಕೊಂಡವನು. ಯಾವ ಮಾತಿಗೂ "ನಂಗೇನ್ ಗೊತ್ತು, ಫೇಲ್ ಮಾಡಿದ್ದು ನೀವೇ ಅಲ್ವಾ" ಎಂದು ಬಾಲ ಸೇರಿಸುತ್ತಿದ್ದವನು. ಕಾಡುಹಂದಿಗೆ ವಿಷ ಇಡಬೇಕೇ ಎಂದು ಸೆಪ್ಟೆಂಬರಿನಲ್ಲಿ ಊರ ಹಾಲ್‌ನಲ್ಲಿ ನಡೆದ ಸಭೆಯಲ್ಲಿ ವಿಷದ ಕಂಪನಿಯ ಮನುಷ್ಯ ಡಬ್ಬವನ್ನು ಮೇಜಿನ ಮೇಲಿಟ್ಟು, ಹಂದಿಯ ಮೂತಿಗೆ ಮಾತ್ರ ಏಳುವ ಭಾರದ ಮುಚ್ಚಳವನ್ನು ಎತ್ತಿ ಇಳಿಸಿ ತೋರಿಸಿದಾಗ, ಪರವಾಗಿ ಕೈಯೆತ್ತಿದ ಆರು ಜನರಲ್ಲಿ ಎರ್ವಿನ್ ಮೊದಲನೆಯವನು. ಲ್ಯಾಡಿಸ್ ಎದ್ದುನಿಂತು ಮಾತಾಡಿದ್ದ. ನಾಯಿ ಇದೆ, ಹದ್ದು ಇದೆ, ನಾವು ಆ ಹಂದಿಯನ್ನೇ ತಿನ್ನುತ್ತೇವೆ. ಮುಚ್ಚಳದ ಮೇಲೆ 'ಹಂದಿಗೆ ಮಾತ್ರ' ಅಂತ ಬರೆಯಬಹುದು, ಆದರೆ ವಿಷಕ್ಕೆ ಓದು ಬರಹ ಬರುವುದಿಲ್ಲ. ನಾಚಿಕೆಯಾಗುವಷ್ಟು ಹೊತ್ತು ಚಪ್ಪಾಳೆ ಬಿದ್ದಿತ್ತು. ವಾರಪತ್ರಿಕೆ ಆ ಮಾತನ್ನು ಚೌಕಟ್ಟು ಕಟ್ಟಿ ಹಾಕಿತ್ತು. ಅದಾದ ಆರು ವಾರಕ್ಕೆ ಅವನು ಎರಡು ಗಂಟೆ ಗಾಡಿ ಓಡಿಸಿ, ತನ್ನ ಮುಖ ಗೊತ್ತಿಲ್ಲದ ಪೇಟೆಯಲ್ಲಿ, ಹಿಂದೊಮ್ಮೆ ಜಾಲಿಗಿಡಕ್ಕೆ ಔಷಧಿ ಹೊಡೆಯಲೆಂದು ಪಡೆದಿದ್ದ ಲೈಸೆನ್ಸು ತೋರಿಸಿ, ಅದೇ ಡಬ್ಬವನ್ನೂ ಒಂದು ಚೀಲ ವಿಷವನ್ನೂ ಕೊಂಡುತಂದ. ಹಿಂತಿರುಗುವಾಗ ರೇಡಿಯೋದಲ್ಲಿ ಪೋಲ್ಕಾ ಕುಣಿತದ ಸಂಗೀತ ಬರುತ್ತಿತ್ತು. ಆರಿಸಿರಲಿಲ್ಲ, ತಾಳ ಕೂಡ ಹಾಕಿದ್ದ.

"ಯಾಕೋ ಎರ್ವಿನ್ ಮಂಕಾಗಿದಾನೆ," ಎಂದಳು ಅಡೆಲಾ. "ನಾಯಿ ಹೋದಾಗಿಂದ."

ಅವನು ಹೂಂ ಎಂದ.

ಶೆಡ್ಡಿನಲ್ಲಿ ಆಗಲೇ ಹಬೆ ತುಂಬಿತ್ತು. ಗುರುವಾರ ಎರ್ವಿನ್‌ನ ಬೋನಿಗೆ ಬಿದ್ದ ಹೆಣ್ಣು ಕಾಡುಹಂದಿಯನ್ನು ಬೆಳಿಗ್ಗೆ ಹೊಡೆದು, ಹಳೆಯ ಸ್ನಾನದ ತೊಟ್ಟಿಯಲ್ಲಿ ಕುದಿನೀರು ಸುರಿದು, ಕೂದಲು ಕೆರೆದು, ಹಿಂಗಾಲಿನಿಂದ ತೊಲೆಗೆ ನೇತುಹಾಕಿದ್ದರು. ಚರ್ಮ ಬೋಳಾಗಿ ಬೆಳ್ಳಗಿತ್ತು. ಡೇರಿಲ್ ಓರ್ಸಾಕ್ ಚಾಕು ಮಸೆಯುತ್ತಿದ್ದ. ಅವನೂ ಹಳೆಯ ವಿದ್ಯಾರ್ಥಿ, ಈಗ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥ, ಆದ್ದರಿಂದ ಎಲ್ಲಿದ್ದರೂ ಮುಖ್ಯಸ್ಥ. ಒಲೆಯ ಹತ್ತಿರ ಮಡಚುವ ಕುರ್ಚಿಯಲ್ಲಿ ಓಲ್ಗಾ ಬಾರ್ಟೋಶ್ ಕೂತಿದ್ದಳು. ಎಂಬತ್ತಮೂರು ವರ್ಷದ ಅವಳು ಊರಿಗೆಲ್ಲ ಅತ್ತೆ.

"ಬಾರೋ ಲಾದಾ. ಮಂಗಳವಾರ ನಿಂದೆಷ್ಟು ಬಂತು?"

"ಎರಡೂವರೆ, ಓಲ್ಗಾತ್ತೆ."

"ನಂದು ಮೂರು. ನಾನೇ ಫಸ್ಟು."

ತಿಂಗಳಿಗೊಮ್ಮೆ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ, ರಕ್ತ ಎಷ್ಟು ತೆಳ್ಳಗಿದೆಯೆಂದು ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದರು. ಅವಳಿಗೂ ಅದೇ ನೀಲಿ ಮಾತ್ರೆ. ಅಂಕಪಟ್ಟಿ ಹೋಲಿಸುವ ಮಕ್ಕಳ ಹಾಗೆ ಅವಳು ಪ್ರತಿ ಸಲ ಕೇಳುತ್ತಿದ್ದಳು, ಪ್ರತಿ ಸಲ ಗೆಲ್ಲುತ್ತಿದ್ದಳು. ಮೂರರ ಮೇಲೆ ಹೋದರೆ ಗೆಲುವಲ್ಲ, ಒಂದು ಸಣ್ಣ ಬೀಳುವಿಕೆಗೂ ತಲೆಯೊಳಗೆ ರಕ್ತ ಸೋರೀತೆಂದು ಅವನು ಎಷ್ಟೋ ಸಲ ಹೇಳಿದ್ದ. "ನೀನು ಮಾರ್ಕ್ಸ್ ಕಮ್ಮಿ ತಗೊಂಡೋನು, ಹಾಗೇ ಹೇಳ್ತೀಯ" ಎನ್ನುತ್ತಿದ್ದಳು.

ಎರ್ವಿನ್ ನೀರಿನ ಪೈಪು ಹಿಡಿದು ಮೂಲೆಯಲ್ಲಿ ನಿಂತಿದ್ದ. ಮೇಷ್ಟ್ರೆ ಎಂದು ಟೋಪಿ ಮುಟ್ಟಿದ, ಅಷ್ಟೆ. ಬಾಲ ಸೇರಿಸಲಿಲ್ಲ. ಪಟ್ಟಿಯ ಪಕ್ಕದ ಮೊಳೆಗೆ ನಾಯಿಯ ಕತ್ತುಪಟ್ಟಿಯೊಂದು ನೇತಾಡುತ್ತಿತ್ತು. ಲ್ಯಾಡಿಸ್ ಅದರತ್ತ ಬೆನ್ನು ಮಾಡಿ ತೋಳು ಮಡಚಿದ.

ಡೇರಿಲ್ ಕೆಳಹೊಟ್ಟೆಯಿಂದ ಎದೆಯವರೆಗೆ ಒಂದೇ ಎಳೆತಕ್ಕೆ ಸೀಳಿದ. ಎಂದಿನ ಹಾಗೆ ಸೀಳಿನ ಎರಡು ಅಂಚನ್ನು ಅಗಲಿಸಿ ಹಿಡಿಯುವುದು ಲ್ಯಾಡಿಸ್‌ನ ಕೆಲಸ. ಕರುಳು ತೊಟ್ಟಿಗೆ ಜಾರಿತು, ಹಬೆ ಮುಖಕ್ಕೆ ಬಡಿಯಿತು, ಕನ್ನಡಕ ಮಸುಕಾಯಿತು. ಲಿವರನ್ನು ಡೇರಿಲ್ ಅವನ ಒಂದು ಕೈಗೆ ಹಾಕಿದ: ಕಪ್ಪುಗೆಂಪು, ನಯ, ಬೆಚ್ಚಗೆ, ಹುಳುವಿಲ್ಲ, ಗಂಟಿಲ್ಲ. ಕನ್ನಡಕ ತಿಳಿಯಾಗುತ್ತಿದ್ದ ಹಾಗೆ ಅವನು ಇನ್ನೊಂದು ಕೈಯಲ್ಲಿ ಅಗಲಿಸಿ ಹಿಡಿದಿದ್ದ ಅಂಚಿನ ಒಳಗನ್ನು ನೋಡಿದ. ಮೂತ್ರಪಿಂಡದ ಸುತ್ತಿನ ಕೊಬ್ಬು ಬಿಳಿಯಿರಲಿಲ್ಲ. ನೀಲಿಯೆಂದು ಕೂಗಿ ಹೇಳುವಷ್ಟು ನೀಲಿಯೂ ಅಲ್ಲ. ಬಿಳಿ ಅಂಗಿಗಳನ್ನು ಕೊನೆಯ ನೀರಿನಲ್ಲಿ ಅದ್ದುವ ಮುಂಚೆ ತಾಯಿ ಒಂದು ಚಮಚ ನೀಲಿ ಕದಡುತ್ತಿದ್ದಳಲ್ಲ, ಆ ನೀರಿನ ಬಣ್ಣ. ಭಾನುವಾರದ ಬಣ್ಣ. ತಿಂದದ್ದು ಗೊತ್ತಾಗಲೆಂದೇ ಕಂಪನಿಯವರು ವಿಷದಲ್ಲಿ ಬಣ್ಣ ಬೆರೆಸಿರುತ್ತಾರೆ. ಸಾಯುವಷ್ಟು ತಿನ್ನದ ಹಂದಿ ಅದನ್ನು ಕೊಬ್ಬಿನಲ್ಲಿ ಹೊತ್ತು ತಿರುಗುತ್ತದೆ. ಇದನ್ನು ಹಾಲ್‌ನಲ್ಲಿ ನಲವತ್ತೇಳು ಜನಕ್ಕೆ ವಿವರಿಸಿ ಹೇಳಿದವನು ಅವನೇ.

"ಹೇಗಿದೆ ಮೇಷ್ಟ್ರೆ?" ಎಂದ ಡೇರಿಲ್, ಚಾಕು ಒರೆಸುತ್ತ, ಆ ಕಡೆ ನೋಡದೆ.

"ಸರಿ," ಎಂದಿತು ಲ್ಯಾಡಿಸ್‌ನ ಬಾಯಿ.

ಇಪ್ಪತ್ತಾರು ವರ್ಷದಿಂದ ಆ ಕ್ಷಣಕ್ಕೆ ಆ ಶಬ್ದ ಹೊರಡುತ್ತಿತ್ತು. ಅವನನ್ನು ಕೇಳಿ ಹೊರಡುವ ರೂಢಿ ಅದಕ್ಕಿರಲಿಲ್ಲ. ಅಂಚನ್ನು ಬಿಟ್ಟ. ಹೊಟ್ಟೆ ತಾನಾಗಿ ಮುಚ್ಚಿಕೊಂಡಿತು. ಲಿವರು ಅವನ ಕೈಯಿಂದ ಓಲ್ಗಾತ್ತೆಯ ಕುದಿಯುವ ಪಾತ್ರೆಗೆ ಹೋಯಿತು, ಈರುಳ್ಳಿ, ಮೆಣಸು, ಉಪ್ಪಿನ ಜೊತೆ.

"ಬೇಗ ಬೇಯ್ಸಿ ಓಲ್ಗಾತ್ತೆ, ಹೊಟ್ಟೆ ತಾಳ ಹಾಕ್ತಿದೆ," ಎಂದ ಡೇರಿಲ್.

"ನಿನ್ನ ಹೊಟ್ಟೆ ತಾಳ ಹಾಕದೇ ಇದ್ದ ದಿನ ಹೇಳು, ಗಂಟೆ ಹೊಡೆಸ್ತೀನಿ. ಇಪ್ಪತ್ತೈದು ನಿಮಿಷ, ಕೂತ್ಕೋ."

ಇಪ್ಪತ್ತೈದು ನಿಮಿಷ. ಒಂದು ಪೀರಿಯಡ್ಡಿಗಿಂತ ಕಡಿಮೆ. ಲ್ಯಾಡಿಸ್ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತ. ಬೇಯಿಸಿದರೆ ವಿಷ ಹೋಗುತ್ತದೆಯೇ? ಹೋಗುವುದಿಲ್ಲ. ಎಷ್ಟಿದ್ದೀತು? ಎಂಬತ್ತಮೂರು ವರ್ಷದ, ಐವತ್ತು ಕಿಲೋ ತೂಕದ, ಈಗಾಗಲೇ ಅದೇ ಔಷಧಿಯನ್ನು ದಿನಾ ತೆಗೆದುಕೊಳ್ಳುತ್ತಿರುವ ಹೆಂಗಸು ಎರಡು ತುಂಡು ತಿಂದರೆ, ಎಂದು ಮನಸ್ಸು ಪ್ರಶ್ನೆಪತ್ರಿಕೆಯ ಭಾಷೆಯಲ್ಲಿ ಬರೆಯತೊಡಗಿತು. ಲೆಕ್ಕಕ್ಕೆ ಬೇಕಾದ ಅಂಕಿ ಅವನ ಬಳಿ ಇರಲಿಲ್ಲ. ಬಹುಶಃ ಏನೂ ಆಗಲಿಕ್ಕಿಲ್ಲ. ಬಹುಶಃ ಎನ್ನುವ ಉತ್ತರಕ್ಕೆ ಅವನು ಎಂದೂ ಅಂಕ ಕೊಟ್ಟವನಲ್ಲ. ಮೊದಲ ತುಂಡು ತಿನ್ನುವುದು ಕೂಟದ ಅತಿ ಹಿರಿಯರು; ಅವಳು ತಿಂದು ತಲೆಯಾಡಿಸಿದ ಮೇಲೆಯೇ ಬೇರೆಯವರು. ಅದೂ ಅಜ್ಜಂದಿರ ಏರ್ಪಾಡೇ. ಆಕೆಗೆ ಇವತ್ತು ಹೊಟ್ಟೆ ಸರಿಯಿಲ್ಲದಿರಲಿ, ಪಾತ್ರೆ ಉರುಳಲಿ, ಡೇರಿಲ್‌ಗೆ ಎಲ್ಲೋ ಬೆಂಕಿ ಬಿದ್ದಿದೆಯೆಂದು ಫೋನು ಬರಲಿ, ಎಂದುಕೊಂಡ. ಯಾವ ಬೆಂಕಿಯೂ ಬೀಳಲಿಲ್ಲ. ಎದುರಿಗೆ ಸೀಡರ್ ಮರಗಳ ಸಾಲು, ಅದರಾಚೆ ಹೊಳೆ. ಎರಡು ವಾರ ಎರಡು ದಿನದ ಹಿಂದೆ ಆ ಮರಗಳ ನಡುವೆ ಅವನು ಚೀಲ ಹೊತ್ತು ಹೋಗಿದ್ದ. ಅದಕ್ಕೂ ಮುಂಚೆ ಹತ್ತು ದಿನ ಡಬ್ಬದಲ್ಲಿ ಬರೀ ಜೋಳ. ಹಂದಿಗಳಿಗೆ ರೂಢಿಯಾಗಲೆಂದು ಮುಚ್ಚಳವನ್ನು ಒಂದು ಸೀಡರ್ ತುಂಡಿನಿಂದ ಎತ್ತಿ ನಿಲ್ಲಿಸಿಡಬೇಕು. ವಿಷ ಹಾಕಿದ ದಿನ ತುಂಡನ್ನು ತೆಗೆದು ಮುಚ್ಚಳ ಇಳಿಸಬೇಕು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿದ್ದ ಸಾಲು ಅದೊಂದೇ. ಚೀಲ ಸುರಿಯುವಾಗ ಡಬ್ಬದ ಅಂಚು ಮೊಣಕೈಗೆ ಗೀರಿ ರಕ್ತ ಬಂತು. ತೆಳ್ಳಗಿನ ರಕ್ತ, ನಿಲ್ಲಲಿಲ್ಲ. ಕರವಸ್ತ್ರ ಒತ್ತಿ ಹಿಡಿದು ಹುಲ್ಲಿನ ಮೇಲೆ ಕೂತು, ಸತ್ತೇಹೋದೇನೋ ಎಂದು ಅರ್ಧ ಗಂಟೆ ನಡುಗಿ, ಆಮೇಲೆ ಮನೆಗೆ ಹೋದ. ಮೂರು ದಿನ ಬಿಟ್ಟು ಬಂದು ನೋಡಿದರೆ ಮುಚ್ಚಳ ಇನ್ನೂ ಆಕಳಿಸುತ್ತಿತ್ತು; ತುಂಡು ಕಿತ್ತು ಇಳಿಸಿದ. ಕೆಸರಿನಲ್ಲಿ ರಕೂನುಗಳ ಹೆಜ್ಜೆ, ಪುಟ್ಟ ಮಕ್ಕಳ ಕೈಯ ಹಾಗೆ. ಇನ್ನೊಂದು ಹೆಜ್ಜೆ ದೊಡ್ಡದು. ತೋಳವಿರಬೇಕು ಎಂದುಕೊಂಡ. ತೋಳಕ್ಕೆ ಉಗುರು ಅಷ್ಟು ಸವೆದಿರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅದಾದ ಶುಕ್ರವಾರ ಎರ್ವಿನ್ ಬಂದಿದ್ದ. ಪಿಕಪ್ಪಿನ ಹಿಂದೆ ಗೋಣಿಯ ಮೇಲೆ ಕೆಂಚು ನಾಯಿ, ಪಪ್ರಿಕಾ. ಮೂಗಿನಲ್ಲಿ ರಕ್ತ ಗುಳ್ಳೆ ಕಟ್ಟಿ ಒಡೆಯುತ್ತಿತ್ತು. ಲ್ಯಾಡಿಸ್ ತುಟಿ ಮೇಲೆತ್ತಿ ನೋಡಿದ. ಒಸಡು ಹಾಳೆಯಂತೆ ಬಿಳಿ. "ಏನಿದು ಮೇಷ್ಟ್ರೆ? ಡಾಕ್ಟರ ಹತ್ರ ಕರ್ಕೊಂಡು ಹೋಗ್ಲಾ? ಮೂವತ್ತು ಮೈಲಿ ಆಗುತ್ತೆ, ಹೋಗ್ತೀನಿ." ಏನೆಂದು ಗೊತ್ತಿತ್ತು. ಮದ್ದೂ ಗೊತ್ತಿತ್ತು: ಕೋಸಿನಲ್ಲಿ, ಸೊಪ್ಪಿನಲ್ಲಿ ಇರುವ, ಅಡೆಲಾ ಹತ್ತು ವರ್ಷದಿಂದ ಅವನ ತಟ್ಟೆಯಿಂದ ದೂರವಿಟ್ಟಿರುವ ಅದೇ ಜೀವಸತ್ವ, ಸೂಜಿಯಲ್ಲಿ ಕೊಟ್ಟರೆ ನಾಯಿ ಬದುಕಬಹುದು. ಅಷ್ಟು ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ. ಎರ್ವಿನ್ ಎಷ್ಟು ದಡ್ಡನಾದರೂ ಆ ಪ್ರಶ್ನೆ ಕೇಳದಿರುವಷ್ಟು ದಡ್ಡನಲ್ಲ. "ಹಾವು," ಎಂದ ಲ್ಯಾಡಿಸ್, ತರಗತಿಯ ದನಿಯಲ್ಲಿ. "ಚಳಿ ಇನ್ನೂ ಸರಿಯಾಗಿ ಹಿಡಿದಿಲ್ಲ, ಓಡಾಡ್ತಿವೆ. ನೀರು ಕುಡಿಸು. ಬೆಳಿಗ್ಗೆವರೆಗೆ ಉಳಿದ್ರೆ ಉಳೀತು." ಎರ್ವಿನ್ ನಂಬಿದ. ಜೀವಮಾನದಲ್ಲಿ ಅವನು ಮೇಷ್ಟರಿಂದ ಕಲಿತ ಪಾಠ ಅದೊಂದೇ ಇರಬೇಕು, ಮೇಷ್ಟ್ರು ಹೇಳಿದ್ದು ಸರಿಯಿರುತ್ತದೆ ಎನ್ನುವುದು. ಮರುದಿನ ಗುಂಡಿ ತೋಡುವಾಗ ಲ್ಯಾಡಿಸ್ ಒಂದು ಚಪ್ಪಟೆ ಕಲ್ಲು ತೆಗೆದುಕೊಂಡು ಹೋಗಿದ್ದ. ಎರ್ವಿನ್ ಅವನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಅಂದಿದ್ದ. ಅದೇ ಸಂಜೆ ಲ್ಯಾಡಿಸ್ ಡಬ್ಬವನ್ನು ತಂದು ತನ್ನ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿಟ್ಟ. ಮುಚ್ಚಳ ಭದ್ರವಾಗಿ ಮುಚ್ಚಿ.

"ಬೆಂತು," ಎಂದಳು ಓಲ್ಗಾತ್ತೆ.

ರೈ ಬ್ರೆಡ್ಡಿನ ಹೋಳಿನ ಮೇಲೆ ಒಂದು ತುಂಡು. ಸಾಸಿವೆ. ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡಳು; ಕೂಟದವರು ಟೋಪಿ ತೆಗೆದರು. ಪ್ರಾರ್ಥನೆ ಇನ್ನೂ ಉದ್ದವಿದ್ದಿದ್ದರೆ ಏನಾಗುತ್ತಿತ್ತೋ. ಅದು ಚಿಕ್ಕದು.

"ತಿನ್ಬೇಡಿ, ಓಲ್ಗಾತ್ತೆ."

"ಯಾಕೋ? ಉಪ್ಪು ಹಾಕಿದೀನಿ."

"ಲಿವರ್ ಸರಿಯಿಲ್ಲ."

"ಈಗ ತಾನೇ ಸರಿ ಅಂದ್ಯಲ್ಲೋ."

ಅವನು ಹೋಗಿ ಅವಳ ಕೈಯಿಂದ ಬ್ರೆಡ್ಡನ್ನು ತೆಗೆದುಕೊಂಡ. ಮಗುವಿನ ಬಾಯಿಂದ ತಿಂಡಿ ಕಿತ್ತುಕೊಂಡಂತೆ ಕಂಡಿರಬೇಕು, ಯಾರೋ ನಕ್ಕರು. ಆಮೇಲೆ ಅವನು ಹಂದಿಯ ಹೊಟ್ಟೆಯ ಅಂಚುಗಳನ್ನು ಎರಡು ಕೈಯಲ್ಲೂ ಹಿಡಿದು ಬಾಗಿಲ ಬೆಳಕಿನ ಕಡೆಗೆ ಅಗಲಿಸಿದ. ನಗು ನಿಂತಿತು. ಹಬೆಯಿಲ್ಲದ ಬೆಳಕಿನಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ತೊಲೆಯ ಸರಪಳಿ ಸ್ವಲ್ಪ ಕಿರುಗುಟ್ಟಿತು. ಯಾರೂ ತಿರುಗಿ ಎಂದು ಹೇಳಿರಲಿಲ್ಲ. ಎಲ್ಲರೂ ಎರ್ವಿನ್‌ನ ಕಡೆಗೆ ತಿರುಗಿದರು.

"ಎತ್ತಿದ ಆರು ಕೈಯಲ್ಲಿ ನಿಂದೊಂದು," ಎಂದ ಡೇರಿಲ್.

"ಕೈ ಎತ್ತಿದ್ದೆ. ಡಬ್ಬ ಎತ್ಲಿಲ್ಲ," ಎಂದ ಎರ್ವಿನ್.

"ನಿನ್ನ ಬೋನು. ನಿನ್ನ ಹೊಳೆದಂಡೆ. ಮುದುಕಿ ಬಾಯಿಗೆ ಹಾಕ್ಕೋತಿದ್ಲು, ಎರ್ವಿನ್."

"ನಾನು ಇಟ್ಟಿದ್ದು," ಎಂದ ಲ್ಯಾಡಿಸ್.

ಹೇಳಿದ ಮೇಲೆ ಎದೆಯ ಕವಾಟದ ಟಿಕ್ ಟಿಕ್ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟೇ ತಾನೇ, ಎನ್ನಿಸಿತು. ಎದುರಿಗೆ ಡೇರಿಲ್‌ನ ಮುಖ ಮೆತ್ತಗಾಗುತ್ತಿತ್ತು. ಮೆತ್ತಗಾಗಬಾರದಿತ್ತು.

"ಬಿಡಿ ಮೇಷ್ಟ್ರೆ," ಎಂದ ಡೇರಿಲ್. "ನೀವು ಯಾವತ್ತೂ ಹಂಗೇ. ಏಳನೇ ಕ್ಲಾಸಲ್ಲಿ ಮೈಕ್ರೋಸ್ಕೋಪ್ ಒಡೆದಿದ್ದು ನಾನು. ಹೆಡ್‌ಮಾಸ್ಟರ್ ಮುಂದೆ 'ನನ್ನ ಕೈತಪ್ಪಿ ಬಿತ್ತು' ಅಂದೋರು ನೀವು."

"ಅದು ಬೇರೆ, ಡೇರಿಲ್. ಇದನ್ನ ನಿಜವಾಗಿ ನಾನೇ—"

"ವಿಷಕ್ಕೆ ಓದು ಬರಹ ಬರಲ್ಲ ಅಂದೋರು ವಿಷ ಇಡ್ತಾರಾ?"

"ಆ ಮಾತು ನನ್ನ ಫ್ರಿಜ್ ಮೇಲೆ ಅಂಟಿಸಿದೀನಿ," ಎಂದಳು ಓಲ್ಗಾತ್ತೆ, ಯಾರೋ ಅದನ್ನು ಕೀಳಲು ಬಂದ ಹಾಗೆ.

"ನನ್ನ ಕೊಟ್ಟಿಗೇಲಿದೆ. ಡಬ್ಬ. ಟಾರ್ಪಾಲಿನ ಕೆಳಗೆ. ಬನ್ನಿ, ತೋರಿಸ್ತೀನಿ."

"ಇರುತ್ತೆ. ಅವನು ಇಟ್ಟಿದ್ದು ನಿಮ್ಮ ಕಣ್ಣಿಗೆ ಬಿದ್ದಿರುತ್ತೆ, ಕಿತ್ತು ತಂದಿಟ್ಟಿರ್ತೀರ. ಹೆಸರು ಹೇಳೋಕೆ ನಿಮಗೆ ಬಾಯಿ ಬರಲ್ಲ. ನಮಗೇನು ಗೊತ್ತಾಗಲ್ವಾ."

ಲ್ಯಾಡಿಸ್ ಅಡೆಲಾಳತ್ತ ನೋಡಿದ. ಅವಳು ಅವನ ಮೊಣಕೈಯ ಹಳೆಯ ಗಾಯದ ಕಲೆಯನ್ನು ನೋಡುತ್ತಿದ್ದಳು. ಮುಳ್ಳುತಂತಿ ಗೀರಿತೆಂದು ಅವಳಿಗೆ ಹೇಳಿದ್ದ. ಅವಳ ಮುಖದಲ್ಲಿ ಏನೋ ಒಂದು ಕೂಡಿ ಕಳೆದು ಮುಗಿಯಿತು. "ಲಾದಾಗೆ ಬೆಳಿಗ್ಗೆಯಿಂದ ಮೈ ಹುಷಾರಿಲ್ಲ," ಎಂದಳು ಎಲ್ಲರಿಗೂ, ಮತ್ತು ಕೊಲಾಚಿಯ ತಟ್ಟೆಯ ಮೇಲಿನ ಬಟ್ಟೆ ತೆಗೆದಳು.

ಆಗ ಅವನು ಎರ್ವಿನ್‌ನನ್ನು ನೋಡಿದ. ಶೆಡ್ಡಿನಲ್ಲಿದ್ದ ಹತ್ತು ಹದಿನೈದು ಜನರಲ್ಲಿ ಅದು ತನ್ನ ಕೆಲಸವಲ್ಲವೆಂದು ಖಾತ್ರಿಯಾಗಿ ಗೊತ್ತಿದ್ದವನು ಎರ್ವಿನ್ ಒಬ್ಬನೇ. ಆದ್ದರಿಂದ, ಅಡೆಲಾ ಬಿಟ್ಟರೆ, ಮೇಷ್ಟರನ್ನು ನಂಬಿದವನೂ ಅವನೊಬ್ಬನೇ. ಹಿಂದಿನ ಬೆಂಚಿನ ಹುಡುಗನ ಮುಖದಲ್ಲಿ, ವರ್ಷದ ಕೊನೆಗೆ, ಎಲ್ಲರೂ ಪುಸ್ತಕ ಮುಚ್ಚಿದ ಮೇಲೆ ಪಾಠ ಅರ್ಥವಾಗುವುದನ್ನು ಲ್ಯಾಡಿಸ್ ಕೆಲವು ಸಲ ಕಂಡಿದ್ದ. ಎರ್ವಿನ್‌ನ ಕಣ್ಣು ನಿಧಾನವಾಗಿ ಮೊಳೆಯ ಮೇಲಿನ ಕತ್ತುಪಟ್ಟಿಗೆ ಹೋಗಿ ಹಿಂತಿರುಗಿತು. ಅವನು ಅಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಪೈಪು ಕೆಳಗಿಟ್ಟು ಗೋಡೆಗೊರಗಿದ್ದ ಸಲಿಕೆ ತೆಗೆದುಕೊಂಡು ಹೊರಗೆ ನಡೆದ. ಉಳಿದವರು ಅದನ್ನೇ ಅವನ ಒಪ್ಪಿಗೆಯೆಂದು ಲೆಕ್ಕ ಹಿಡಿದರು.

ಹಂದಿಯನ್ನು ಆಳವಾಗಿ ಹೂಳಬೇಕಿತ್ತು, ಹದ್ದಾಗಲಿ ನರಿಯಾಗಲಿ ಕೆದಕದ ಹಾಗೆ. ಲ್ಯಾಡಿಸ್ ಇನ್ನೊಂದು ಸಲಿಕೆ ಹಿಡಿದು ಹಿಂದೆಯೇ ಹೋದ. "ನೋಡಿ, ಅವನ ಜೊತೆ ಅಗೆಯೋಕೂ ಹೊರಟ್ರು," ಎಂದು ಯಾರೋ ಅಂದದ್ದು ಕೇಳಿಸಿತು, ಗೌರವದಿಂದ. ಇಬ್ಬರೂ ಮೊಣಕಾಲುದ್ದ ಅಗೆದರು. ಕಪ್ಪುಮಣ್ಣು ಸಲಿಕೆಗೆ ಅಂಟುತ್ತಿತ್ತು.

"ಮುಚ್ಚಳ ಇರುತ್ತಲ್ಲ ಅದಕ್ಕೆ," ಎಂದ ಎರ್ವಿನ್ ಕೊನೆಗೆ. "ನಾಯಿ ಎತ್ತೋಕಾಗಲ್ಲ ಅಂದಿದ್ದ ಆ ಕಂಪನಿಯೋನು."

"ತುಂಡು ಕೊಟ್ಟು ಎತ್ತಿಟ್ಟಿದ್ದೆ. ತೆಗೆಯೋದು ಮರೆತೆ."

"ಎಷ್ಟು ದಿನ?"

"ಮೂರು."

"ಆ ಶುಕ್ರವಾರ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮದ್ದಿತ್ತಾ ಅದಕ್ಕೆ?"

"ಇತ್ತು. ಮೂವತ್ತು ಮೈಲಿ."

ಎರ್ವಿನ್ ನಾಲ್ಕು ಸಲಿಕೆ ಮಣ್ಣೆತ್ತಿ ಹಾಕಿದ. ಲ್ಯಾಡಿಸ್ ಹೊಡೆತಕ್ಕೆ ಕಾಯುತ್ತಿದ್ದ. ಹಸಿದವನಿಗೆ ಬ್ರೆಡ್ಡಿನ ತುಂಡು ಬೇಕಾದಷ್ಟು ಒಂದು ಹೊಡೆತ ಬೇಕಾಗಿತ್ತು ಅವನಿಗೆ. ತೆಳ್ಳಗಿನ ರಕ್ತ, ಹೆಚ್ಚು ಶ್ರಮವೇನೂ ಆಗುತ್ತಿರಲಿಲ್ಲ.

"ನಾನು ಒಳಗೆ ಹೋಗಿ ಮತ್ತೆ ಹೇಳ್ತೀನಿ," ಎಂದ.

"ಹೇಳಿ. ಹೇಳಿದಷ್ಟೂ ನೀವು ದೊಡ್ಡೋರಾಗ್ತೀರ, ನಾನು ಕಳ್ಳ ಆಗ್ತೀನಿ." ಎರ್ವಿನ್ ಸಲಿಕೆಯ ಬಾಯನ್ನು ಬೂಟಿನಿಂದ ಕೆರೆದ. "ರಾತ್ರಿಯೆಲ್ಲ ನೀರು ಕುಡಿಸಿದೆ ಮೇಷ್ಟ್ರೆ. ನೀವು ಹೇಳಿದ್ರಿ ಅಂತ. ಚಮಚದಲ್ಲಿ."

ಹಂದಿಯನ್ನು ಟ್ರ್ಯಾಕ್ಟರಿನಿಂದ ತಂದು ಇಳಿಸಿದರು, ಮಣ್ಣು ಮುಚ್ಚಿದರು. ಮುಗಿದ ಮೇಲೆ ಎರ್ವಿನ್ ನಲ್ಲಿಯ ಹತ್ತಿರ ಕೂತು ಎರಡೂ ಸಲಿಕೆಗಳನ್ನು ತೊಳೆಯತೊಡಗಿದ, ತನ್ನದೇ ಶೆಡ್ಡಿನೊಳಗೆ ಬರದೆ.

ಒಳಗೆ ಪಾತ್ರೆ ಖಾಲಿ ಮಾಡಿ ಉಜ್ಜಿ ಬೋರಲು ಹಾಕಿದ್ದರು. ಕೊಲಾಚಿ ತಿಂದು ಕಾಫಿ ಕುಡಿದು, ತೀರ್ಮಾನವನ್ನೂ ಮಾಡಿ ಮುಗಿಸಿದ್ದರು: ಇನ್ನು ಮೇಲೆ ಕೂಟ ಡೇರಿಲ್‌ನ ಕೊಟ್ಟಿಗೆಯಲ್ಲಿ, ಕುಬೇನಾ ಮನೆ ಪಟ್ಟಿಯಿಂದ ಹೊರಗೆ. ಗೋಡೆಯಿಂದ ಬಿಚ್ಚಿದ ಹೆಸರಿನ ಪಟ್ಟಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನು.

"ನಿಮ್ಮ ಕೈಬರಹ ಮೇಷ್ಟ್ರೆ, ನೀವೇ ಹೊಡೆದು ಹಾಕಿ," ಎಂದ ಡೇರಿಲ್. "ನಮ್ಮ ಕೈಯಲ್ಲಾದ್ರೆ ಹಾಳೆ ಹರಿಯುತ್ತೆ."

ಲ್ಯಾಡಿಸ್ ಕೂತ. ಸಲಿಕೆಯ ಹಿಡಿ ಒತ್ತಿದ ಅಂಗೈಯ ಬುಡದಲ್ಲಿ ಕಲೆ ಆಗಲೇ ಹರಡುತ್ತಿತ್ತು. ಎಂಟು ಹೆಸರು, ದುಂಡನೆಯ ಅಕ್ಷರ. ಐದನೆಯದು ಕುಬೇನಾ, ಆರನೆಯದು ವ್ರಾನಾ. ಪೆನ್ನಿನ ಮುಚ್ಚಳ ತೆಗೆದು, ಅಳತೆಪಟ್ಟಿಯಿಟ್ಟು ಎಳೆದಷ್ಟು ನೆಟ್ಟಗೆ, ಆರನೆಯ ಹೆಸರಿನ ಮೇಲೆ ಗೆರೆ ಎಳೆದ. ಒಂದಲ್ಲ, ಎರಡು. ಎದ್ದು ಎಲ್ಲರಿಗೂ ಕಾಣುವಂತೆ ಹಾಳೆಯನ್ನು ತಿರುಗಿಸಿಟ್ಟ.

ಎಲ್ಲರೂ ಹಾಳೆಯ ಮೇಲೆ ಬಾಗಿದರು.

"ಅಯ್ಯೋ ಲಾದಾ," ಎಂದಳು ಓಲ್ಗಾತ್ತೆ ಮೆಲ್ಲಗೆ. "ಕನ್ನಡಕ ಬದಲಾಯಿಸ್ಕೋ ಅಂತ ಎಷ್ಟು ಸಲ ಹೇಳಿದೆ ನಿನಗೆ."

"ಪರವಾಗಿಲ್ಲ, ಪರವಾಗಿಲ್ಲ. ಒಂದು ಸಾಲು ತಪ್ಪಿದೆ ಅಷ್ಟೆ," ಎಂದ ಡೇರಿಲ್. ಪೆನ್ನನ್ನು ಅವನ ಬೆರಳಿನಿಂದ ನಾಜೂಕಾಗಿ ಬಿಡಿಸಿಕೊಂಡು, ನಾಲಗೆ ಕಚ್ಚಿಕೊಂಡು, ಐದನೆಯ ಹೆಸರಿನ ಮೇಲೆ ಗೆರೆ ಎಳೆದ; ಹೊಡೆದುಹೋದ ಆರನೆಯದರ ಪಕ್ಕದಲ್ಲಿ ವ್ರಾನಾ ಎಂದು ಮತ್ತೆ ಬರೆದ. ಅಕ್ಷರಗಳು ಏಳನೇ ಕ್ಲಾಸಿನಲ್ಲಿದ್ದ ಹಾಗೆಯೇ ಸೊಟ್ಟಗಿದ್ದವು. ಆಮೇಲೆ ಬೆರಳಿಟ್ಟು ಮುಂದಿನ ಸಲದ ಭಾಗಗಳನ್ನು ಒಂದೊಂದಾಗಿ ಎಣಿಸುತ್ತ ಬಂದವನು ಒಮ್ಮೆಲೇ ನಕ್ಕ.

"ನೋಡಿ ಮೇಷ್ಟ್ರೆ, ದೇವರಿದಾನೆ. ಮುಂದಿನ ಸಲ ಬೆನ್ನಿನ ಮಾಂಸ ಅವನ ಸರದಿ ಇತ್ತು. ಈಗ ಅದು ನಿಮಗೇ ಬಂತು."

ಹೊರಗೆ ನಲ್ಲಿ ನಿಂತಿತು. ಸಲಿಕೆಗಳನ್ನು ಗೋಡೆಗೆ ಒರಗಿಸಿದ ಸದ್ದು ಒಂದು, ಎರಡು.

"ಥ್ಯಾಂಕ್ಸ್," ಎಂದಿತು ಲ್ಯಾಡಿಸ್‌ನ ಬಾಯಿ.